ಕಣ್ಣಿಗೊತ್ತಿಕೊಳ್ಳದ ಕೈ

ಎಬೋಲಾ ವಾರ್ಡಿನಲ್ಲಿ ಕೆಲಸ ಮಾಡಲು ಹೋಗುವ ತಂಡಕ್ಕೆ ನನ್ನನ್ನು ಆರಿಸಿದ್ದಾರೆಂಬ ಸುದ್ದಿ ಬಂದಾಗ ನಾನು ಜಾದವ್‌ಪುರದ ಆಟೋದಲ್ಲಿ ಇಬ್ಬರ ನಡುವೆ ಒತ್ತರಿಸಿಕೊಂಡು ಕೂತಿದ್ದೆ. ಫೋನಿನಲ್ಲಿ ಅದನ್ನು ಕೇಳಿ ನನ್ನ ಬಾಯಿಂದ ಎಂಥ ಕೂಗು ಹೊರಟಿತೆಂದರೆ ಆಟೋದವನು ಬ್ರೇಕು ಹಾಕಿ, ಯಾರಿಗೆ ಏನಾಯಿತು ದೀದಿ ಎಂದು ತಿರುಗಿ ನೋಡಿದ. ಒಳ್ಳೆಯದೇ ಆಯಿತು ಎಂದೆ. ಏನು ಒಳ್ಳೆಯದಾಯಿತು ಎಂದು ಪಕ್ಕದ ಮುದುಕರು ಕೇಳಿದರು. ಕೋಲ್ಕತ್ತದಲ್ಲಿ ಇನ್ನೊಬ್ಬರ ಸಂತೋಷದ ಕಾರಣ ಕೇಳುವ ಹಕ್ಕು ಎಲ್ಲರಿಗೂ ಇದೆ. ಎಬೋಲಾ ರೋಗಿಗಳನ್ನು ನೋಡಿಕೊಳ್ಳಲು ಆಫ್ರಿಕಾಕ್ಕೆ ಹೋಗುತ್ತಿದ್ದೇನೆ ಎಂದೆ. ಮುದುಕರು ತಮ್ಮ ಮೀನಿನ ಚೀಲವನ್ನು ನನ್ನ ಕಡೆಯ ತೊಡೆಯಿಂದ ಎತ್ತಿ ಆಚೆಯ ತೊಡೆಯ ಮೇಲೆ ಇಟ್ಟುಕೊಂಡರು. ನಾನಿನ್ನೂ ಹೋಗಿಯೇ ಇರಲಿಲ್ಲ.

ನಾನು ಧಾರವಾಡದವಳು. ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವವರಾದ್ದರಿಂದ ಮದುವೆಯಾದ ವರ್ಷವೇ ಈ ಊರಿಗೆ ಬಂದೆ. ಒಂದು ಆಸ್ಪತ್ರೆಯ ಐಸಿಯುನಲ್ಲಿ ಡಾಕ್ಟರಾಗಿ ದುಡಿಯುತ್ತ ಇಲ್ಲೇ ತಲೆ ನರೆಯಿತು. ನನಗೆ ಸಿಟ್ಟು ಬೇಗ ಬರುತ್ತದೆ, ಸಂತೋಷ ಅದಕ್ಕಿಂತ ಬೇಗ ಬರುತ್ತದೆ, ಎರಡನ್ನೂ ಮುಚ್ಚಿಡುವ ಕಲೆ ಮಾತ್ರ ಒಲಿಯಲಿಲ್ಲ. ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ದಪ್ಪ ಪುಸ್ತಕದಲ್ಲಿ ಎಬೋಲಾಗೆ ಸಿಕ್ಕಿದ್ದು ಅರ್ಧ ಪುಟ. ಹಿಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುತ್ತಾರೆ, ಇದಕ್ಕೆಂದೇ ಔಷಧವಿಲ್ಲ, ಅಷ್ಟೇ. ಆ ಸಾಲು ಓದಿದಾಗಲೆಲ್ಲ ಯಾರೋ ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಂತೆ ಮೈ ಉರಿಯುತ್ತಿತ್ತು. ಈಗ ಆ ಬಾಗಿಲು ತೆರೆದಿತ್ತು. ರೋಗದಿಂದ ಬದುಕಿ ಉಳಿದವರ ರಕ್ತದಲ್ಲಿ ವೈರಸ್ಸಿಗೆ ಅಂಟಿಕೊಂಡು ಅದರ ಕೈಕಾಲು ಕಟ್ಟಿಹಾಕುವ ಪ್ರತಿಕಾಯಗಳಿರುತ್ತವಲ್ಲ, ಅಂಥವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಬಾಟಲಿಗೆ ತುಂಬಿದ್ದಾರೆ. ಒಂದೇ ಸಲ, ರಕ್ತನಾಳದ ಮೂಲಕ, ಹನಿಹನಿಯಾಗಿ ಕೊಟ್ಟರೆ ಸಾಕು. ಎಬೋಲಾದ ಎಲ್ಲ ಬಗೆಗಳಿಗೂ ಇದು ನಾಟುವುದಿಲ್ಲ, ಮುಖ್ಯವಾದ ಒಂದು ಬಗೆಗೆ ನಾಟುತ್ತದೆ. ಆ ಸಲ ಕಾಣಿಸಿಕೊಂಡದ್ದು ಅದೇ ಬಗೆ. ರೋಗಿ ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಅದೇ ಬಗೆಗೆ ಲಸಿಕೆಯೂ ಇದೆ, ನಮಗೂ ಹಾಕುತ್ತಿದ್ದರು. ಹಿಂದೆ ಸಾಯಲು ಬಿಡುತ್ತಿದ್ದಂಥ ರೋಗಿ ಎದ್ದು ನಡೆಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಇದಕ್ಕಿಂತ ದೊಡ್ಡ ಆಸೆ ನನ್ನ ವೃತ್ತಿಯಲ್ಲಿ ನನಗೆ ಹುಟ್ಟಿಯೇ ಇಲ್ಲ.

ಒಂದೇ ಒಂದು ಷರತ್ತು ಇತ್ತು. ಹೊರಡುವ ಮುಂಚೆ ಇಲ್ಲೇ ತರಬೇತಿ, ತರಬೇತಿಯ ಕೊನೆಗೆ ಪರೀಕ್ಷೆ. ಪಾಸಾಗದವರು ಮನೆಗೆ.

ನಾನು ಏದುಸಿರು ಬಿಡುತ್ತ ಮನೆ ಸೇರಿದಾಗ ಅತ್ತೆ ಬಾಲ್ಕನಿಯಲ್ಲಿ ಕೂತು ಪಟೋಲ್ ಹೆರೆಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ನಮ್ಮೊಡನೆ ಇರಲು ಬಂದ ಅವರು ಬಂಗಾಳಿಗಳ ಈ ಕಾಯಿಯನ್ನು ಮೊದಲು ಸಾಕಷ್ಟು ಬೈದು, ಆಮೇಲೆ ಅದಕ್ಕೆ ಶೇಂಗಾಪುಡಿ ತುಂಬಿ ಎಣ್ಣೆಗಾಯಿ ಮಾಡಿ ತಮ್ಮ ದಾರಿಗೆ ತಂದುಕೊಂಡಿದ್ದರು. ನನ್ನನ್ನೂ ಹಾಗೆಯೇ ದಾರಿಗೆ ತರಬಹುದೆಂಬ ನಂಬಿಕೆಯನ್ನು ಅವರು ಬಿಟ್ಟಿರಲಿಲ್ಲ. ಸುದ್ದಿ ಕೇಳಿ ಚಾಕು ಕೆಳಗಿಟ್ಟರು.

“ಕಲಕತ್ತಾದಾಗ ಬ್ಯಾನಿ ಎಲ್ಲಾ ಮುಗದಾವೇನು, ಅಷ್ಟು ದೂರ ಹೋಗಿ ಹುಡುಕಾಕ?”

ಬೇನೆಗಳೇನೋ ಇಲ್ಲಿಯೂ ಬೇಕಾದಷ್ಟಿದ್ದವು. ಆದರೆ ನಾನು ಸುಮ್ಮನಾಗುವ ಸ್ಥಿತಿಯಲ್ಲಿರಲಿಲ್ಲ. ಅವರ ಎದುರಿಗೆ ನೆಲದ ಮೇಲೆ ಕೂತು ರೋಗವನ್ನು ಮೊದಲಿಂದ ಹೇಳತೊಡಗಿದೆ. ಜ್ವರ, ಸುಸ್ತು, ಮೈಕೈ ನೋವು, ಗಂಟಲು ನೋವು, ನೋಡಿದರೆ ಮಲೇರಿಯಾ ಅನ್ನಿಸಬೇಕು. ಆಮೇಲೆ ವಾಂತಿ, ಭೇದಿ. ಜನ ಹೆದರುವ ರಕ್ತಸ್ರಾವ ಕೆಲವರಿಗಷ್ಟೇ ಆಗುತ್ತದೆ. ಉಸಿರಾಡಿದರೆ ಬರುತ್ತದೆಯೇ ಎಂದು ಅತ್ತೆ ಕೇಳಿದರು. ಬರುವುದಿಲ್ಲ. ರೋಗಿಯ ರಕ್ತ, ವಾಂತಿ, ಬೆವರು, ಮಲಮೂತ್ರ ನಮ್ಮ ಕಣ್ಣಿಗೋ ಬಾಯಿಗೋ ಗಾಯಕ್ಕೋ ತಾಗಬೇಕು. ಜ್ವರ ಬರುವ ಮುಂಚೆ ಅವರಿಂದ ಯಾರಿಗೂ ಅಂಟುವುದಿಲ್ಲ. ರೋಗ ಏರಿದಂತೆಲ್ಲ ಅಪಾಯ ಏರುತ್ತದೆ, ಸತ್ತ ಮೇಲೆ ಹೆಣದಿಂದಲೂ ಅಂಟುತ್ತದೆ. ಹಾಗಾಗಿ ಮಕ್ಕಳು ತಾಯಿಯ ಹೆಣಕ್ಕೆ ಸ್ನಾನ ಮಾಡಿಸುವಂತಿಲ್ಲ, ಅಪ್ಪಿಕೊಂಡು ಅಳುವಂತಿಲ್ಲ. ಪ್ರೀತಿಯಿಂದ ಹತ್ತಿರ ಹೋದವರನ್ನೇ ಹಿಡಿಯುವ ರೋಗ ಇದು ಎಂದೆ.

ಅತ್ತೆ ಕೇಳಿದರು: “ಹಂಗಾದ್ರ ಬಾಯಿಗೆ ನೀರು ಬಿಡೋರು ಯಾರು?”

“ನಾವ ಅತ್ತಿ. ಅದಕ್ಕ ಹೊಂಟೀನಿ.”

ಅವರು ಮತ್ತೆ ಚಾಕು ಎತ್ತಿಕೊಂಡು ಪಟೋಲ್ ಹೆರೆಯತೊಡಗಿದರು.

ನೀರಿನ ಮಾತನ್ನು ನಾನು ಸುಮ್ಮನೆ ಬಾಯಿಗೆ ಬಂದಂತೆ ಹೇಳಿರಲಿಲ್ಲ. ಹೊಸ ಔಷಧದ ಮಾತು ಎಷ್ಟೇ ಆಡಿದರೂ ಎಬೋಲಾ ಚಿಕಿತ್ಸೆಯಲ್ಲಿ ಅರ್ಧ ಪಾಲು ನೀರಿನದು. ವಾಂತಿಭೇದಿಯಲ್ಲಿ ಹರಿದುಹೋದ ನೀರನ್ನು, ಉಪ್ಪನ್ನು ಮತ್ತೆ ತುಂಬುತ್ತ ಹೋಗಬೇಕು. ಕುಡಿಯುವವರಿಗೆ ಲೋಟದಲ್ಲಿ, ಕುಡಿಯಲಾರದವರಿಗೆ ಸೂಜಿಯಲ್ಲಿ. ರಕ್ತದೊತ್ತಡ ಕುಸಿಯದಂತೆ, ಪೊಟ್ಯಾಸಿಯಂ ಇಳಿಯದಂತೆ ನೋಡಿಕೊಳ್ಳಬೇಕು. ಜೊತೆಗೆ ಮಲೇರಿಯಾ ಇದ್ದರೆ ಅದಕ್ಕೂ ಮದ್ದು ಕೊಡಬೇಕು. ಆ ಹೊತ್ತಿಗೆ ದೇಹ ತನ್ನ ಯುದ್ಧ ತಾನು ಮಾಡಿಕೊಳ್ಳುತ್ತದೆ. ನೀರಿನ ಈ ಪಾಠ ಜಗತ್ತಿಗೆ ಸಿಕ್ಕಿದ್ದರಲ್ಲಿ ನಮ್ಮ ಕೋಲ್ಕತ್ತದ ಪಾಲು ದೊಡ್ಡದು. ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿ ಮುಗಿದುಹೋದಾಗ, ಇಲ್ಲಿನ ಡಾಕ್ಟರುಗಳು ಡ್ರಮ್ಮಿನಲ್ಲಿ ಉಪ್ಪು-ಸಕ್ಕರೆ ನೀರು ಕಲಸಿ ಮನೆಯವರ ಕೈಗೇ ಲೋಟ ಕೊಟ್ಟು ಎಷ್ಟೋ ಜೀವ ಉಳಿಸಿದ್ದರು. ಆ ಊರಿನ ಉಪ್ಪು ತಿಂದವಳು ನಾನು ಎಂದುಕೊಂಡರೇ ನನಗೆ ಹುರುಪು ಏರುತ್ತಿತ್ತು.

ತರಬೇತಿ ನಡೆದದ್ದು ಪಾರ್ಕ್ ಸ್ಟ್ರೀಟಿನ ಹಿಂದಿನ ಓಣಿಯೊಂದರ ಹಳೆಯ ಕಟ್ಟಡದಲ್ಲಿ. ಕೆಳಗಿನ ಅಂಗಡಿಯಿಂದ ಮೊಟ್ಟೆ ರೋಲಿನ ವಾಸನೆ, ಮೇಲೆ ನಮ್ಮ ಹಾಲಿನಲ್ಲಿ ಕ್ಲೋರಿನ್ ವಾಸನೆ. ಕಲಿಸಲು ಬಂದವರು ಒಬ್ಬ ಬಂಗಾಳಿ ಹೆಂಗಸು, ನನಗಿಂತ ಹಿರಿಯರು, ಹಿಂದೆ ಅಂಥ ವಾರ್ಡುಗಳಲ್ಲಿ ದುಡಿದು ಬಂದವರು. ನಗು ಅವರ ಮುಖಕ್ಕೆ ಅತಿಥಿಯಾಗಿಯೂ ಬರುತ್ತಿರಲಿಲ್ಲ. ಮೈಪೂರ್ತಿ ಮುಚ್ಚುವ ಉಡುಪು, ತಲೆಗೆ ಮುಸುಕು, ಮಾಸ್ಕು, ದೊಡ್ಡ ಕನ್ನಡಕ, ಎರಡು ಜೊತೆ ಕೈಗವಸು, ಏಪ್ರನ್, ಗಂಬೂಟು. ಕೋಲ್ಕತ್ತದ ಬೇಸಿಗೆಯಲ್ಲಿ ಅದನ್ನು ತೊಟ್ಟು ನಿಂತರೆ ಬೆವರು ಬೆನ್ನಿನಿಂದ ಇಳಿದು ಬೂಟಿನಲ್ಲಿ ನಿಲ್ಲುತ್ತಿತ್ತು; ನಡೆದರೆ ಪಚಪಚ. ಆದರೂ ನನಗೆ ಎಷ್ಟು ಖುಷಿಯೆಂದರೆ ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ ನೋಡಿಕೊಂಡೆ.

ತೊಡುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ಜೀವ ಹೋಗುವುದು ತೆಗೆಯುವಾಗ ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ದಣಿದಿರುತ್ತೀರಿ, ಮನೆಯ ನೆನಪಾಗಿರುತ್ತದೆ, ಅವಸರವಿರುತ್ತದೆ. ಹಾಗಾಗಿ ಒಬ್ಬರೇ ತೆಗೆಯುವಂತಿಲ್ಲ. ಎದುರಿಗೆ ಒಬ್ಬರು ನಿಂತು ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಹೇಳಬೇಕು, ನಾವು ಅಷ್ಟನ್ನೇ ಮಾಡಬೇಕು, ಪ್ರತಿ ಹೆಜ್ಜೆಗೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕು. ಪರೀಕ್ಷೆಯ ದಿನ ಉಡುಪಿನ ಮೇಲೆ, ಬೂಟಿನ ಮೇಲೆ, ಕೈಗವಸಿನ ಮೇಲೆ ಕಣ್ಣಿಗೆ ಕಾಣದ ಒಂದು ಪುಡಿ ಸವರುತ್ತಾರೆ. ಅದು ನೀರಿಗೆ ಸುಲಭಕ್ಕೆ ಬಿಡುವುದಿಲ್ಲ. ಎಲ್ಲ ತೆಗೆದಾದ ಮೇಲೆ ದೀಪ ಆರಿಸಿ ನೇರಳೆ ಬೆಳಕು ಹಿಡಿದರೆ, ಮೈಯ ಮೇಲೆ ಪುಡಿ ಎಲ್ಲೆಲ್ಲಿ ತಾಗಿದೆಯೋ ಅಲ್ಲೆಲ್ಲ ಹಸಿರಾಗಿ ಹೊಳೆಯುತ್ತದೆ. ಆ ಪುಡಿಯೇ ವೈರಸ್ಸು ಅಂದುಕೊಳ್ಳಿ.

ನಾನು ಏಪ್ರನ್ ತೆಗೆದೆ, ಮುಸುಕು ತೆಗೆದೆ, ಉಡುಪನ್ನು ಒಳಗಿನದು ಹೊರಗಾಗುವಂತೆ ಸುರುಳಿ ಸುತ್ತಿ ಇಳಿಸಿದೆ, ಕಣ್ಣು ಮುಚ್ಚಿಕೊಂಡು ಕನ್ನಡಕ ತೆಗೆದೆ. ಉಳಿದದ್ದು ಬೂಟು, ಒಳಗಿನ ಕೈಗವಸು, ಮಾಸ್ಕು; ಅವನ್ನೂ ಕಳಚಿದೆ. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದಿತ್ತು. ದೀಪ ಆರಿತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ನೇರಳೆ ಬೆಳಕು ನನ್ನ ಕಾಲಿಂದ ಮೇಲೇರುತ್ತ ಮುಖಕ್ಕೆ ಬಂದದ್ದೇ ತಡ, ಕತ್ತಲಲ್ಲಿ ಹಿಂದೆ ನಿಂತವರೆಲ್ಲ ಒಟ್ಟಿಗೆ ನಕ್ಕರು. ನನ್ನ ಎರಡೂ ರೆಪ್ಪೆಗಳು ಗಿಣಿಯ ಹಾಗೆ ಹಸಿರಾಗಿದ್ದವಂತೆ.

ತರಬೇತಿಯವರು ನಗಲಿಲ್ಲ. ವಾರ್ಡಿನಲ್ಲಾಗಿದ್ದರೆ ಈ ಹೊತ್ತಿಗೆ ನೀವೇ ರೋಗಿ ಎಂದರು.

ಆದದ್ದು ಇಷ್ಟು. ಬೂಟು ಕಳಚುವಾಗ ನನ್ನ ಕಾಲು ಅವರ ಕಾಲಿಗೆ ತಾಗಿತ್ತು. ತಾಗಿದ ಕೂಡಲೇ ಬಲಗೈ ತಾನಾಗಿ ಬಗ್ಗಿ ಅವರ ಕಾಲನ್ನು ಮುಟ್ಟಿ, ಮೇಲೆ ಬಂದು, ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡಿತ್ತು. ನನಗೆ ಗೊತ್ತೇ ಆಗಿರಲಿಲ್ಲ! ಯಾರಿಗೋ ಪುಸ್ತಕಕ್ಕೋ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಡೆಯಲು ಕಲಿತ ವಯಸ್ಸಿನಲ್ಲೇ ಅವ್ವ ಕಲಿಸಿದ್ದಳು. ಬಂಗಾಳಿಗಳಿಗೂ ಈ ಅಭ್ಯಾಸವಿದೆ, ಆದರೆ ಅವರ ಕೈ ಹಣೆಗೋ ಎದೆಗೋ ಹೋಗುತ್ತದೆ. ನಾವು ಮಾತ್ರ ನೇರ ಕಣ್ಣಿಗೇ ಒಯ್ಯುವವರು, ವೈರಸ್ಸಿಗೆ ಅದಕ್ಕಿಂತ ಅಗಲವಾದ ಬಾಗಿಲು ಬೇರೆ ಇಲ್ಲ. ಮುಂದಿನ ಶನಿವಾರ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದರು.

ಮನೆಗೆ ಬಂದು ಚೀಲ ಒಗೆದು ಕೂತೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸಿಟ್ಟು. ಕಾಲೇಜಿಗೆ ಹೋಗುವ ಮಗಳು ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, “ಅಮ್ಮ, ಯು ಆರ್ ಟೂ ಸಂಸ್ಕಾರಿ ಫಾರ್ ಎಬೋಲಾ” ಎಂದಳು. ಗಂಡ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಗಾದೆ ಹೇಳಿ ನನ್ನ ನೋಟ ಕಂಡು ಒಳಗೆ ಹೋದರು. ನಾನು ಹೋಗದೆ ಉಳಿದರೆ ಅತ್ತೆಗೆ ಸಮಾಧಾನವಾಗುತ್ತದೆ ಎಂದೇ ನಾನು ಎಣಿಸಿದ್ದೆ. ಅವರು ಶುಂಠಿ ಹಾಕಿದ ಚಹಾ ತಂದು ನನ್ನ ಪಕ್ಕ ಕೂತರು. ಮಗಳು ಫೋನು ಕೆಳಗಿಟ್ಟು ಕೇಳುವಂತೆ ಒಂದು ಮಾತು ಹೇಳಿದರು. ಅವರಿಗೊಬ್ಬ ತಂಗಿಯಿದ್ದಳಂತೆ. ಅವಳಿಗೆ ವಾಂತಿಭೇದಿ ಹತ್ತಿದಾಗ ಮನೆಯ ಹಿರಿಯರು ನೀರು ಕೊಟ್ಟರೆ ಭೇದಿ ಹೆಚ್ಚಾಗುತ್ತದೆಂದು ನೀರು ಕೊಡಲಿಲ್ಲ. ಅವಳು ರಾತ್ರಿಯೆಲ್ಲ ಅಕ್ಕಾ ನೀರು ಅಕ್ಕಾ ನೀರು ಎಂದಳು. ಅತ್ತೆ ಆಗ ಸಣ್ಣವರು, ಹಿರಿಯರು ಹೇಳಿದ್ದನ್ನು ಮೀರುವ ವಯಸ್ಸಲ್ಲ. ಇಷ್ಟು ವರ್ಷದಲ್ಲಿ ಈ ತಂಗಿಯ ಸುದ್ದಿಯನ್ನು ಅವರು ತಮ್ಮ ಮಗನಿಗೂ ಹೇಳಿರಲಿಲ್ಲ.

“ನೀರು ಕೊಡಾಕ ಹೊಂಟಾಕಿ ನೀ. ಒಂದು ಕೈ ಚಾಳಿಗೆ ಹಿಂಗ ಸೋತು ಕುಂತ್ರ ಹೆಂಗ?” ಎಂದರು. ಆಮೇಲೆ ಸೀರೆ ತುಸು ಮೇಲೆತ್ತಿ ಕಾಲು ಮುಂದೆ ಚಾಚಿದರು. “ಒದಿ ನನ್ನ. ಕೈ ಸುಮ್ಮನಾಗೋ ತನಕ ಒದಿ.”

ನಾನು ಬೆಪ್ಪಾಗಿ ನೋಡಿದೆ. ಅವರ ಲೆಕ್ಕ ಸರಿಯಾಗಿತ್ತು. ಯಾರಿಗೆ ಕಾಲು ತಾಗಿದರೆ ನನ್ನ ಕೈ ತಡೆಯಲಾರದೋ ಅವರಿಗೇ ತಾಗಿಸಿ ಅಭ್ಯಾಸ ಬಿಡಿಸಬೇಕು. ಅತ್ತೆಗಿಂತ ಬೇರೆ ಯಾರಿದ್ದಾರೆ? ಗಂಡ ಬಾಗಿಲಲ್ಲಿ ನಿಂತು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಇದನ್ನೇ ಹೇಳಿದ್ದಿರಬೇಕು ಎಂದರು. ಈ ಸಲ ನನಗೂ ನಗು ಬಂತು.

ಮರುದಿನದಿಂದಲೇ ಸುರು. ಉಡುಪಿಗೆ ನನ್ನ ರೇನ್‌ಕೋಟು, ಕನ್ನಡಕಕ್ಕೆ ಮಗಳು ಈಜಲು ಹೋಗುವಾಗ ಹಾಕಿಕೊಳ್ಳುವುದು, ಬೂಟಿಗೆ ಮಳೆಗಾಲದಲ್ಲಿ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಗಂಡ ಹಾಕಿಕೊಳ್ಳುವ ಗಂಬೂಟು. ಹೊಳೆಯುವ ಪುಡಿಗೆ ಏನು ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದಾಗ ಮಗಳೇ ಓಡಿಹೋಗಿ ಪೂಜೆ ಸಾಮಾನಿನ ಅಂಗಡಿಯಿಂದ ಆಲ್ತಾ ತಂದಳು, ಬಂಗಾಳಿ ಹೆಂಗಸರು ಹಬ್ಬದಲ್ಲಿ ಪಾದಕ್ಕೆ ಹಚ್ಚಿಕೊಳ್ಳುವ ಕೆಂಪು ಬಣ್ಣ. ಕೈಗವಸಿಗೆ ಅದನ್ನು ಸುರಿದುಕೊಂಡೆ. ಇನ್ನು ಸುಳ್ಳು ಹೇಳುವಂತಿಲ್ಲ, ಎಲ್ಲಿ ಮುಟ್ಟಿದರೂ ಕೆಂಪು. ಮಗಳು ಎದುರಿಗೆ ನಿಂತು ಹೆಜ್ಜೆ ಓದುತ್ತಾಳೆ. ನಾನು ಬೂಟು ಕಳಚುವ ಹೊತ್ತಿಗೆ ಅತ್ತೆ ಬೆತ್ತದ ಮೋಡಾ ಎಳೆದುಕೊಂಡು ಕೂತು ಕಾಲು ಅಡ್ಡ ಚಾಚುತ್ತಾರೆ. ನಾನು ತಾಗಿಸುತ್ತೇನೆ. ಕೈ ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ. ಮೊದಲ ದಿನ ನನ್ನ ಕಣ್ಣು, ಹುಬ್ಬು, ಅತ್ತೆಯ ಪಾದ, ಮೋಡಾದ ಕಾಲು ಎಲ್ಲ ಕೆಂಪಾಗಿ, ಮನೆಯಲ್ಲಿ ಓಕುಳಿಯಾಡಿದಂತಿತ್ತು.

“ಕೈ!” ಎಂದು ಅತ್ತೆ ಗದರುತ್ತಿದ್ದರು. ಎರಡನೆಯ ದಿನ ಕೈ ಪಾದದವರೆಗೆ ಹೋಗಿ ನಿಂತಿತು. ಆಮೇಲೆ ಮೊಣಕಾಲಿನವರೆಗೆ. ಎಷ್ಟೋ ವರ್ಷಗಳ ಗಂಟೊಂದು ಸಡಿಲುತ್ತಿರುವುದು ತೋಳಿನಲ್ಲಿ ತಿಳಿಯುತ್ತಿತ್ತು. ಒಂದು ತಪ್ಪಾದರೆ ಹೊಸದೊಂದು ಉಪಾಯ ಹುಡುಕುವ ಅತ್ತೆಯ ಉತ್ಸಾಹ ನನಗಿಂತ ಒಂದು ಕೈ ಮೇಲಾಯಿತು. ಗಂಡನ ಗಣಿತದ ಪುಸ್ತಕವನ್ನು ನೆಲಕ್ಕೆ ಹಾಕಿದರು, ಅದನ್ನು ಮೆಟ್ಟಿದೆ. ಪಂಚಾಂಗ ಹಾಕಿದರು, ಅದನ್ನೂ ಮೆಟ್ಟಿದೆ. ದೇವರ ಮನೆಯ ಕಡೆ ತಿರುಗಿ, ಇದು ದವಾಖಾನಿ ಕೆಲಸ, ತಪ್ಪು ತಿಳಕೋಬ್ಯಾಡಪಾ ಎಂದು ಅವರೇ ಕ್ಷಮೆ ಕೇಳಿದರು.

ಇದೆಲ್ಲ ನಡೆಯುತ್ತಿದ್ದುದು ಬಾಲ್ಕನಿಗೆ ಹೊಂದಿಕೊಂಡ ಕೋಣೆಯಲ್ಲಿ, ಕಿಟಕಿ ತೆರೆದುಕೊಂಡು. ನಾವೆಲ್ಲ ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುವ ಎದುರು ಮನೆಯಾಕೆ ಬಟ್ಟೆ ಒಣಹಾಕುತ್ತ ಕಂಡದ್ದೇನು? ಡಾಕ್ಟರ್ ಸೊಸೆ ರೇನ್‌ಕೋಟು ತೊಟ್ಟು, ಕೈತುಂಬ ರಕ್ತ ಮಾಡಿಕೊಂಡು, ಮುದುಕಿ ಅತ್ತೆಯನ್ನು ದಿನವೂ ಒದೆಯುತ್ತಿದ್ದಾಳೆ, ಮೊಮ್ಮಗಳು ಪಕ್ಕದಲ್ಲೇ ನಿಂತು ಓದಿ ಹೇಳಿ ಮಾಡಿಸುತ್ತಿದ್ದಾಳೆ. ಇಲ್ಲಿನವರು ಪಾಡಾ ಎನ್ನುವ ನಮ್ಮ ಕೇರಿಯಲ್ಲೆಲ್ಲ ಸುದ್ದಿಯಾಯಿತು. ಸಿಹಿ ಅಂಗಡಿಯವನು ನನಗೆ ಮೊಸರು ಕೊಡುವಾಗ ಮುಖ ನೋಡಲಿಲ್ಲ. ಗುರುವಾರ ಬೌದಿಯೇ ನಾನಿಲ್ಲದ ಹೊತ್ತು ನೋಡಿ ಬಂದು, ಮಾಶಿಮಾ, ಏನಿದ್ದರೂ ಹೇಳಿ, ನಾವಿದ್ದೇವೆ ಎಂದು ಅತ್ತೆಯ ಕೈ ಹಿಡಿದುಕೊಂಡರಂತೆ. ಅತ್ತೆ ತಮ್ಮ ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ, ಒದೆಯಲು ಹೇಳಿದವಳು ನಾನೇ, ಇನ್ನೂ ಎರಡು ದಿನ ಒದೆಸಿಕೊಳ್ಳುವುದಿದೆ ಎಂದು ವಿವರಿಸಿ ಅವರನ್ನು ಇನ್ನಷ್ಟು ಗಾಬರಿಪಡಿಸಿದರು. ಸಂಜೆ ನಾನೇ ಹೋಗಿ ಬೌದಿಗೆ ರೋಗದ ಕಥೆಯೆಲ್ಲ ಹೇಳಬೇಕಾಯಿತು. ಕೊನೆಗೆ ಅವರು ಅತ್ತೆಯ ಕಾಲಿಗೆ ಹಚ್ಚಲು ನೋವಿನ ಎಣ್ಣೆ ಕೊಟ್ಟು ಕಳಿಸಿದರು.

ಶನಿವಾರ ಬಂತು. ತರಬೇತಿಯವರು ಹೆಜ್ಜೆ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಕನ್ನಡಕ ತೆಗೆದಾಯಿತು. ಬೂಟಿನ ಸರದಿ ಬಂದಾಗ ಅವರು ಬೇಕೆಂದೇ ಹತ್ತಿರ ಸರಿದು, ಕಾಲು ಮುಂದೆ ತಂದು ನನ್ನ ಕಾಲಿಗೆ ಬಲವಾಗಿ ತಾಗಿಸಿದರು. ತೋಳಿನ ಒಳಗೆ ಏನೋ ಮಿಡಿಯಿತು. “ಕೈ!” ಎಂದು ಅತ್ತೆಯ ದನಿ ಕಿವಿಯಲ್ಲೇ ಕೇಳಿದಂತಾಯಿತು. ಕೈ ಇದ್ದಲ್ಲೇ ಇತ್ತು. ನಾನು ಬೂಟು ಕಳಚಿ, ಕೈಗವಸು ಕಳಚಿ, ಮಾಸ್ಕು ತೆಗೆದು, ಕೈ ತೊಳೆದುಕೊಂಡು ನಿಂತೆ.

ದೀಪ ಆರಿತು. ನೇರಳೆ ಬೆಳಕು ಕಾಲಿಂದ ಮೇಲೆ ಬಂತು. ಹೊಟ್ಟೆ ಕಪ್ಪು, ಎದೆ ಕಪ್ಪು, ಕುತ್ತಿಗೆ ಕಪ್ಪು, ಕಣ್ಣು ಕಪ್ಪು. ಆದರೂ ಹಿಂದಿನವರು ಮತ್ತೆ ನಕ್ಕರು! ಎಲ್ಲಿ ಹೊಳೆಯಿತೆಂದು ಮೈಯೆಲ್ಲ ತಡಕಾಡಿದೆ. ಆಮೇಲೆ ನೋಡಿದರೆ ಹೊಳೆಯುತ್ತಿದ್ದುದು ನಾನಲ್ಲ. ದೀಪ ಹಿಡಿದು ನಿಂತಿದ್ದ ತರಬೇತಿಯವರ ಹಣೆಯ ನಡುವೆ, ಕುಂಕುಮದ ಜಾಗದಲ್ಲಿ, ಹಸಿರು ಬೆರಳಚ್ಚೊಂದು ಮೂಡಿತ್ತು. ಬೇಕೆಂದೇ ಕಾಲು ತಾಗಿಸಿದ ಅವರ ಕೈ ತಾನಾಗಿ ನನ್ನ ಬೂಟು ಮುಟ್ಟಿ ತಮ್ಮ ಹಣೆಗೆ ಹೋಗಿಬಿಟ್ಟಿತ್ತು. ಯಾರೋ ಅವರಿಗೆ ಕನ್ನಡಿ ಕೊಟ್ಟರು. ಅವರು ನೋಡಿಕೊಂಡು, ತರಬೇತಿ ಸುರುವಾದಾಗಿನಿಂದ ಮೊದಲ ಸಲ, ಕುರ್ಚಿ ಹಿಡಿದುಕೊಂಡು ನಕ್ಕರು. ನೀವು ಹೋಗಿ ಬನ್ನಿ, ನಾನು ಇನ್ನೊಮ್ಮೆ ಪರೀಕ್ಷೆಗೆ ಕೂರುತ್ತೇನೆ ಎಂದರು. ನಾನು ಪಾರ್ಕ್ ಸ್ಟ್ರೀಟಿನ ಉದ್ದಕ್ಕೂ ಮಗುವಿನ ಹಾಗೆ ಜಿಗಿಯುತ್ತ ನಡೆದೆ, ದಾರಿಯಲ್ಲಿ ಅತ್ತೆಗೆಂದು ದೊಡ್ಡ ಕೇಕು ಕೊಂಡೆ.

ಹೊರಡುವ ದಿನ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಕೈ ಪಾದ ಮುಟ್ಟಿತು, ಕಣ್ಣಿನವರೆಗೆ ಬರಲಿಲ್ಲ, ಎದೆಯ ಮುಂದೆಯೇ ನಿಂತಿತು. ಬೇರೆ ದಿನವಾಗಿದ್ದರೆ ಸೊಸೆಗೆ ಸೊಕ್ಕು ಬಂದಿದೆ ಎನ್ನುತ್ತಿದ್ದರೋ ಏನೋ. ಅಂದು “ಭೇಷ್, ಕಲ್ತೀ” ಎಂದು ಬೆನ್ನಿಗೆ ಹೊಡೆದು ಕಳಿಸಿದರು.

ಅಲ್ಲಿಯ ವಾರ್ಡಿನ ಕಥೆ ದೊಡ್ಡದು, ಇಲ್ಲಿ ಒಬ್ಬ ಹೆಂಗಸನ್ನಷ್ಟೇ ನೆನೆಯುತ್ತೇನೆ. ಬಂದಾಗ ಅವಳಿಗೆ ತಲೆ ಎತ್ತುವ ತ್ರಾಣವಿರಲಿಲ್ಲ. ಬಿಳಿ ಉಡುಪಿನ ನಮ್ಮನ್ನು ಕಂಡು ಹೆದರಿ ಬಾಯಿ ಬಿಗಿಹಿಡಿದಿದ್ದಳು. ಔಷಧದ ಬಾಟಲಿಯಿಂದ ಪ್ರತಿಕಾಯಗಳು ಹನಿಹನಿಯಾಗಿ ಅವಳೊಳಗೆ ಇಳಿಯುತ್ತಿದ್ದಾಗ ನಾನು ಮಂಚದ ಪಕ್ಕ ಕೂತು, ಚಮಚದಲ್ಲಿ ಉಪ್ಪು-ಸಕ್ಕರೆ ನೀರನ್ನು ತುಟಿಗೆ ತಾಗಿಸುತ್ತ, ಅವಳಿಗೆ ತಿಳಿಯದ ಕನ್ನಡದಲ್ಲಿ ಮಾತಾಡುತ್ತಿದ್ದೆ. ಮೊದಲು ಉಗುಳಿದಳು. ಆಮೇಲೆ ನುಂಗಿದಳು. ಆಮೇಲೆ ತಾನೇ ಬಾಯಿ ತೆರೆದಳು. ಏಳುವಾಗ ನನ್ನ ಬೂಟು ನೆಲಕ್ಕೆ ಇಳಿಬಿದ್ದಿದ್ದ ಅವಳ ಕಾಲಿಗೆ ತಾಗಿತು, ನನ್ನ ಕೈ ಕದಲಲಿಲ್ಲ. ನಮ್ಮ ವಾರ್ಡಿನಲ್ಲಿ ಉಳಿಯದವರೂ ಇದ್ದರು. ಅವರ ಬಾಯಿಗೆ ಕೊನೆಯ ನೀರು ಬಿಟ್ಟವರೂ ನಾವೇ. ಆದರೆ ಆ ಹೆಂಗಸಿನ ರಕ್ತಪರೀಕ್ಷೆಯಲ್ಲಿ ವೈರಸ್ಸು ಇಲ್ಲವೆಂದು ಬಂದ ದಿನ ಅವಳು ಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ತನ್ನ ಕಾಲಮೇಲೆ ನಡೆದುಕೊಂಡು ಬೇಲಿಯ ಆಚೆ ಹೋದಳು. ಬೇಲಿಯ ಈಚೆಗೆ ನಾವೆಲ್ಲ ಹುಚ್ಚರ ಹಾಗೆ ಕುಣಿದೆವು. ನನ್ನ ಪಠ್ಯಪುಸ್ತಕದ ಆ ಸಾಲು ನನ್ನ ಕಣ್ಣೆದುರೇ ಸುಳ್ಳಾಗಿತ್ತು.

ತಿರುಗಿ ಬಂದ ಮೇಲೆ ಮೂರು ವಾರ ಊರಾಚೆಯ ಅತಿಥಿಗೃಹವೊಂದರಲ್ಲಿ ಒಬ್ಬಳೇ ಇದ್ದೆ. ಸೋಂಕು ತಾಗಿದ್ದರೆ ಅಷ್ಟರೊಳಗೆ ಜ್ವರ ಕಾಣಿಸಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಥರ್ಮಾಮೀಟರು, ನಡುವೆ ಮಗಳ ವಿಡಿಯೋ ಕಾಲ್. ಜ್ವರ ಬರಲಿಲ್ಲ.

ಮನೆಯ ಬಾಗಿಲಲ್ಲಿ ಬೌದಿ ಶಂಖ ಊದಿದರು, ಮಗಳು ಮೈಮೇಲೆ ಬಿದ್ದಳು. ಅತ್ತೆ ಮೋಡಾದ ಮೇಲೆ ಕೂತಿದ್ದರು. ನಾನು ಬಗ್ಗಿ ಅವರ ಪಾದ ಮುಟ್ಟಿದೆ. ಈಗ ಯಾವ ಭಯವೂ ಇರಲಿಲ್ಲ, ಕಣ್ಣಿಗೆ ಒತ್ತಿಕೊಳ್ಳಬಹುದಿತ್ತು, ಒತ್ತಿಕೊಳ್ಳಬೇಕೆಂದೇ ಬಂದಿದ್ದೆ. ಆದರೆ ಕೈ ಮೇಲೆ ಬರಲಿಲ್ಲ. ನಾನು ಪೆಚ್ಚಾಗಿ ಕೈ ಚಾಚಿಕೊಂಡು ಹಾಗೇ ನಿಂತೆ.

“ನೀರು ಕೊಟ್ಟೀಯೇನು?” ಎಂದು ಅತ್ತೆ ಕೇಳಿದರು.

“ಕೊಟ್ಟೆ ಅತ್ತಿ. ದಿನಾ ಕೊಟ್ಟೆ.”

ಅವರು ನನ್ನ ಎರಡೂ ಕೈಗಳನ್ನು ಹಿಡಿದು ಎಳೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು. ನಾನು ಬಿಡಿಸಿಕೊಳ್ಳಲು ಹೋದೆ, ಬಿಡಲಿಲ್ಲ. “ನನ್ನ ತಂಗಿಗೂ ಕೊಟ್ಟಂಗಾತು” ಎಂದರು. ನನ್ನ ಬೆರಳುಗಳು ಒದ್ದೆಯಾದವು. ಇಷ್ಟು ದಿನ ಕೈಗೆ ಯಾರ ಹನಿ ತಾಗಿದರೂ ಕ್ಲೋರಿನ್ ನೀರಿನ ನಲ್ಲಿಗೆ ಓಡುತ್ತಿದ್ದವಳು ಅಂದು ಅಲ್ಲೇ ನಿಂತಿದ್ದೆ.